ವಾರ್ಡಿನಿಂದ ಹೊಸ್ತಿಲಿಗೆ



ಆರೋಗ್ಯದ ವಿಷಯವೆಂದರೆ ಸ್ಟುಡಿಯೊದಲ್ಲಿ ವೈದ್ಯರನ್ನು ಕೂರಿಸಿ ನಾನು ಕ್ಯಾಮೆರಾದ ಹಿಂದೆ ನಿಲ್ಲುವುದು ವಾಡಿಕೆ. ನಾನು ವೈದ್ಯೆಯಲ್ಲ, ಬಿ.ಎಸ್‌ಸಿ. ಓದಿ ಕಾರ್ಯಕ್ರಮ ನಿರ್ಮಾಣಕ್ಕೆ ಬಂದವಳು. ಆದರೂ ಇಂದು ಈ ಕಡೆ ಬಂದು ಕುಳಿತಿರುವುದಕ್ಕೆ ಕಾರಣ ಒಂದು ಹಾಳೆ. ಆಸ್ಪತ್ರೆಯಿಂದ ರೋಗಿಯನ್ನು ಮನೆಗೆ ಕಳಿಸುವಾಗ ಕೈಗೆ ಕೊಡುತ್ತಾರಲ್ಲ, ಡಿಸ್‌ಚಾರ್ಜ್ ಸಮ್ಮರಿ ಎಂಬ ಹಾಳೆ, ಅದು. ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ನಮ್ಮ ಬಹಳಷ್ಟು ಮನೆಗಳಲ್ಲಿ ಅದನ್ನು ಓದಿ ಹೇಳಬೇಕಾದವರು ಯಾರು? ಹತ್ತನೆಯ ತರಗತಿಯಲ್ಲೋ ಪಿಯುಸಿಯಲ್ಲೋ ಇರುವ ಮಗ, ಮಗಳು, ಮೊಮ್ಮಗಳು. ಅಂದರೆ ನೀವು. ಆದ್ದರಿಂದ ಈ ಮಾತು ನಿಮ್ಮೊಡನೆ.

ನನ್ನ ದೊಡ್ಡಪ್ಪನಿಗೆ ಪಾರ್ಶ್ವವಾಯು ಬಡಿದದ್ದು ಒಂದು ಬೆಳಗಿನ ಜಾವ. ಹಾಸನ ಜಿಲ್ಲೆಯ ಒಂದು ಹೋಬಳಿ ಊರು. ಕೊಟ್ಟಿಗೆಯಿಂದ ಹಾಲು ಕರೆದುಕೊಂಡು ಬಂದವರು ನಡುಮನೆಯಲ್ಲಿ ತಂಬಿಗೆ ಕೈಬಿಟ್ಟರು. ಏನಾಯಿತೆಂದು ಕೇಳಿದರೆ ಉತ್ತರ ಬರಲಿಲ್ಲ, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಹತ್ತಿರದ ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಜೀವ ಉಳಿಸಿದರು, ಅದರ ಬಗ್ಗೆ ನಮಗೆ ದೂರಿಲ್ಲ. ಹತ್ತನೆಯ ದಿನ ಬೆಳಿಗ್ಗೆ ರೌಂಡಿಗೆ ಬಂದ ವೈದ್ಯರು "ಇನ್ನು ಮನೆಗೆ ಕರೆದುಕೊಂಡು ಹೋಗಬಹುದು" ಎಂದರು. ಮಧ್ಯಾಹ್ನದ ಹೊತ್ತಿಗೆ ಬಿಲ್ಲು ಕಟ್ಟಿ ಆಯಿತು. ಕೈಗೆ ಬಂದದ್ದು ಒಂದು ಕವರಿನ ತುಂಬ ಮಾತ್ರೆ, ಸ್ಕ್ಯಾನಿನ ದೊಡ್ಡ ಫಿಲ್ಮು, ಮತ್ತೆ ಆ ಹಾಳೆ. ಅಣ್ಣನೂ ಡ್ರೈವರೂ ಸೇರಿ ದೊಡ್ಡಪ್ಪನ ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಿ ಕಾರಿನಲ್ಲಿ ಮಲಗಿಸಿದರು.

ಆ ರಾತ್ರಿ ಅಣ್ಣನ ಮಗಳು ಫೋನ್ ಮಾಡಿದಳು. ಎರಡನೆಯ ಪಿಯುಸಿ, ವಿಜ್ಞಾನ. "ಅತ್ತೆ, ಬೇರೆ ಯಾರದ್ದೋ ಚೀಟಿ ಕೊಟ್ಟುಬಿಟ್ಟಿದ್ದಾರೆ ಅನ್ನಿಸುತ್ತೆ. ತಾತನಿಗೆ ಬಿದ್ದುಹೋಗಿರೋದು ಬಲಗೈ, ಬಲಗಾಲು. ಇದರಲ್ಲಿ ಲೆಫ್ಟ್ ಅಂತ ಬರೆದಿದೆ."

ಚೀಟಿ ಸರಿಯಾಗಿಯೇ ಇತ್ತು. ಮೆದುಳಿನ ಎಡ ಅರ್ಧದಿಂದ ಹೊರಟ ಚಲನೆಯ ನರತಂತುಗಳಲ್ಲಿ ಬಹುಪಾಲು, ಮೆದುಳ ಕಾಂಡದ ಕೆಳಭಾಗವಾದ ಮೆಡುಲ್ಲಾದಲ್ಲಿ, ಒಂದನ್ನೊಂದು ದಾಟಿ ಬಲಕ್ಕೆ ಹೋಗುತ್ತವೆ, ಬಲದವು ಎಡಕ್ಕೆ. ಎಡ ಮೆದುಳಿಗೆ ಪೆಟ್ಟಾದರೆ ಸೋಲುವುದು ಬಲ ಅಂಗ. ಹೆಚ್ಚಿನವರಲ್ಲಿ ಮಾತಿನ ಕೇಂದ್ರಗಳೂ ಎಡಭಾಗದಲ್ಲೇ ಇರುವುದರಿಂದ ಬಲಗೈ ಸೋತವರಲ್ಲಿ ಮಾತೂ ಕೆಡುವುದುಂಟು. ಇದು ಅವಳ ಪುಸ್ತಕದಲ್ಲಿಯೂ ಒಂದಷ್ಟು ಇದ್ದೀತು, ಆದರೆ ಪುಸ್ತಕದ ಮೆದುಳು ತಾತನ ಮೆದುಳೆಂದು ಹೊಳೆಯುವುದು ಸುಲಭವಲ್ಲ. ನಾನು ಗಮನಿಸಿದ್ದು ಬೇರೆ. ಹತ್ತು ದಿನ ಆಸ್ಪತ್ರೆಯಲ್ಲಿದ್ದರೂ ಮನೆಯವರಿಗೆ ಇದನ್ನು ಒಬ್ಬರೂ ಹೇಳಿರಲಿಲ್ಲ. ಹೇಳದೆ ಬಿಟ್ಟ ಬೇರೆ ಮಾತುಗಳೂ ಇದ್ದವು, ಅವು ದುಬಾರಿಯಾದವು.

ಮಾತ್ರೆಗಳ ಪಟ್ಟಿಯ ಮುಂದೆ ಒಡಿ, ಬಿಡಿ, ಎಚ್‌ಎಸ್, ಎಸ್‌ಒಎಸ್ ಎಂಬ ಅಕ್ಷರಗಳಿದ್ದವು. ಎಸ್‌ಒಎಸ್ ಎಂದರೆ ಮುಳುಗುವ ಹಡಗಿನವರು ಕಳಿಸುವ ಸಂಕೇತ ಎಂದು ಅವಳು ಓದಿದ್ದಳು, ಹೆದರಿದ್ದಳು. ಔಷಧದ ಚೀಟಿಯಲ್ಲಿ ಅದಕ್ಕೆ 'ಬೇಕಾದಾಗ ಮಾತ್ರ' ಎಂದು ಅರ್ಥ. ಒಡಿ ಎಂದರೆ ದಿನಕ್ಕೊಂದು ಸಲ, ಬಿಡಿ ಎಂದರೆ ಎರಡು ಸಲ, ಎಚ್‌ಎಸ್ ಎಂದರೆ ಮಲಗುವ ಹೊತ್ತಿಗೆ. ನಿಮ್ಮ ಮನೆಯಲ್ಲೂ ಒಂದು ದಿನ ಬೇಕಾಗಬಹುದು, ಗುರುತು ಹಾಕಿಕೊಳ್ಳಿ.

ಮನೆಗೆ ಬಂದ ಎರಡನೆಯ ವಾರ ದೊಡ್ಡಪ್ಪ ಕಾಫಿ ಕುಡಿಯುವಾಗ ಕೆಮ್ಮತೊಡಗಿದರು. ಮಲಗಿದವರಿಗೆ ತಲೆಯನ್ನಷ್ಟೇ ಎತ್ತಿ ಲೋಟದಿಂದ ಬಾಯಿಗೆ ಹನಿಸುತ್ತಿದ್ದರು. ದೊಡ್ಡಮ್ಮ ಅದನ್ನು ಎಷ್ಟು ಪ್ರೀತಿಯಿಂದ ಮಾಡುತ್ತಿದ್ದರೋ ನಾನು ನೋಡಿದ್ದೇನೆ. ನಾಲ್ಕು ದಿನಕ್ಕೆ ಜ್ವರ, ಏದುಸಿರು. ಮತ್ತೆ ಆಸ್ಪತ್ರೆ, ಈ ಸಲ ನ್ಯುಮೋನಿಯ.

ಇಲ್ಲಿ ಸ್ವಲ್ಪ ನಿಂತು ನುಂಗುವುದೆಂದರೇನು ಎಂದು ನೋಡೋಣ. ಗಂಟಲಿನಲ್ಲಿ ಅನ್ನನಾಳವೂ ಶ್ವಾಸನಾಳವೂ ಅಕ್ಕಪಕ್ಕ. ನಾವು ನುಂಗುವ ಕ್ಷಣದಲ್ಲಿ ಉಸಿರು ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲೇರುತ್ತದೆ, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಹತ್ತಾರು ಸ್ನಾಯುಗಳು ಒಂದು ಸೆಕೆಂಡಿನ ಒಳಗೆ ಸಾಲಾಗಿ ಮಾಡುವ ಕೆಲಸ ಇದು. ಮೆದುಳಿಗೆ ಪೆಟ್ಟಾದಾಗ ಈ ಸಾಲು ತಪ್ಪುತ್ತದೆ. ಆಗ ಹೆಚ್ಚು ಅಪಾಯ ಯಾವುದರಿಂದ ಎಂದು ಕೇಳಿದರೆ ನಿಮ್ಮಲ್ಲಿ ಹಲವರು ರೊಟ್ಟಿ, ಮುದ್ದೆ ಎನ್ನುತ್ತೀರಿ. ಅವು ಗಂಟಲಿಗೆ ಸಿಕ್ಕಿಕೊಳ್ಳುವ ಭಯವೂ ಇದ್ದೇ ಇದೆ. ಆದರೆ ಹಲವರಲ್ಲಿ ಮೊದಲು ದಾರಿ ತಪ್ಪುವುದು ಬರಿಯ ನೀರು. ಅದು ತೆಳುವಾದ್ದರಿಂದ ವೇಗವಾಗಿ ಇಳಿಯುತ್ತದೆ, ಬಾಗಿಲು ಮುಚ್ಚುವುದರೊಳಗೆ ಶ್ವಾಸನಾಳಕ್ಕೆ ಜಾರುತ್ತದೆ. ಗಂಜಿಯಷ್ಟು ಮಂದವಾದದ್ದು ನಿಧಾನವಾಗಿ ಇಳಿಯುವುದರಿಂದ ಗಂಟಲಿಗೆ ಸಮಯ ಸಿಗುತ್ತದೆ. ಕೆಲವರಲ್ಲಿ ಕೆಮ್ಮು ಕೂಡ ಬರುವುದಿಲ್ಲ, ಸದ್ದಿಲ್ಲದೆ ಪುಪ್ಪುಸಕ್ಕೆ ಹೋಗುತ್ತದೆ.

ಆದ್ದರಿಂದಲೇ ಪಾರ್ಶ್ವವಾಯು ರೋಗಿಗೆ ಆಸ್ಪತ್ರೆಯಲ್ಲಿ ಒಂದು ಗುಟುಕು ನೀರು ಕೊಡುವ ಮೊದಲೇ ನುಂಗುವ ಪರೀಕ್ಷೆ ಮಾಡಬೇಕೆಂಬ ನಿಯಮ. ಅದರ ಫಲಿತಾಂಶ ವಾರ್ಡಿನ ಫೈಲಿನಲ್ಲೇ ಉಳಿದರೆ ಸಾಲದು, ಮನೆಗೆ ಬರಬೇಕು: ಇವರಿಗೆ ಏನು ಕೊಡಬಹುದು, ಎಷ್ಟು ಮಂದವಾಗಿರಬೇಕು, ಬೆನ್ನು ನೆಟ್ಟಗೆ ಕೂರಿಸಿ ಕೊಡಬೇಕು, ಚಮಚದಲ್ಲಿ ಸ್ವಲ್ಪಸ್ವಲ್ಪವಾಗಿ ಕೊಡಬೇಕು, ಉಂಡ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು ಎಂದು. ಈ ಒಂದು ಸಾಲು ನಮ್ಮ ಹಾಳೆಯಲ್ಲಿರಲಿಲ್ಲ. ಸ್ಕ್ಯಾನಿನ ವಿವರಕ್ಕೆ ಅರ್ಧ ಪುಟವಿತ್ತು.

ಪಾರ್ಶ್ವವಾಯುವಿನ ವಿಷಯದಲ್ಲಿ ನೀವು ಸಾಮಾನ್ಯವಾಗಿ ಕೇಳಿರುವುದು ಮೊದಲ ಗಂಟೆಗಳ ಕಥೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದರಿಂದಲೋ, ನಾಳ ಒಡೆದು ರಕ್ತ ಸೋರುವುದರಿಂದಲೋ ಅದು ಬರುತ್ತದೆ, ಹೆಪ್ಪಿನದೇ ಹೆಚ್ಚು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದ್ದರಿಂದ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ ಎನ್ನುತ್ತೇವೆ. ಇದೆಲ್ಲ ಸರಿ. ಆದರೆ ಗಂಟೆಗಳ ಕಥೆ ಮುಗಿದ ಮೇಲೆ ತಿಂಗಳುಗಳ ಕಥೆ ಇದೆ, ಅದರ ಮೊದಲ ಅಧ್ಯಾಯವೇ ಆಸ್ಪತ್ರೆಯಿಂದ ಹೊರಡುವ ದಿನ. ವಾರ್ಡಿನಲ್ಲಿ ಮೂರು ಪಾಳಿಯಲ್ಲಿ ನರ್ಸುಗಳು ಮಾಡುತ್ತಿದ್ದ ಕೆಲಸ ಸಂಜೆಯ ಹೊತ್ತಿಗೆ ಒಬ್ಬ ಸೊಸೆಯ ಮೇಲೆ, ಒಬ್ಬ ಹೆಂಡತಿಯ ಮೇಲೆ ಬೀಳುತ್ತದೆ. ಅವರಿಗೆ ಯಾರೂ ತರಬೇತಿ ಕೊಟ್ಟಿರುವುದಿಲ್ಲ.

ದೊಡ್ಡಪ್ಪನ ಪ್ರಸಂಗವಾದ ಕೆಲವು ಕಾಲದ ನಂತರ, ಪಾರ್ಶ್ವವಾಯು ಘಟಕವನ್ನು ಕುರಿತ ಕಾರ್ಯಕ್ರಮಕ್ಕಾಗಿ ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋಗಿದ್ದೆ. ಬೆಳಗಿನ ಸಭೆಯಲ್ಲಿ ನರರೋಗ ತಜ್ಞರು, ವಾರ್ಡಿನ ಸಿಸ್ಟರ್, ಫಿಸಿಯೊಥೆರಪಿಸ್ಟ್, ಮಾತಿನ ಚಿಕಿತ್ಸೆಯವರು, ಸಮಾಜ ಕಾರ್ಯಕರ್ತೆ ಎಲ್ಲರೂ ಒಂದು ಮೇಜಿನ ಸುತ್ತ ಕುಳಿತಿದ್ದರು. ಹಿಂದಿನ ದಿನ ಸೇರಿದ್ದ ಒಬ್ಬ ರೈತರ ವಿಷಯ ಬಂತು. ರೋಗಿ ಇನ್ನೂ ಕಣ್ಣು ಸರಿಯಾಗಿ ಬಿಟ್ಟಿಲ್ಲ. ಆಗ ಸಿಸ್ಟರ್ ಕೇಳಿದ ಪ್ರಶ್ನೆ: "ಇವರ ಮನೆಯಲ್ಲಿ ಕಕ್ಕಸು ಎಲ್ಲಿದೆ?"

ನಮ್ಮ ಕ್ಯಾಮೆರಾಮನ್ ನಕ್ಕರು. ಆಮೇಲೆ ಯೋಚಿಸಿದರೆ ನಗುವ ಮಾತಲ್ಲ. ಹಿತ್ತಲಿನಲ್ಲಿದ್ದರೆ ಅಲ್ಲಿಗೆ ಎಷ್ಟು ಮೆಟ್ಟಿಲು? ನೆಲಮಟ್ಟದ್ದಾದರೆ ಕಾಲು ಸೋತವರು ಕುಕ್ಕುರುಗಾಲಿನಲ್ಲಿ ಕೂರುವುದು ಹೇಗೆ? ಕಮೋಡ್ ಕುರ್ಚಿ ಕೊಳ್ಳಲು ಆಗುತ್ತದೆಯೆ, ಇಲ್ಲ ಪ್ಲಾಸ್ಟಿಕ್ ಕುರ್ಚಿಗೆ ನಡುವೆ ತೂತು ಕೊರೆಸಬೇಕೆ? ನಮ್ಮ ಹಳೆಯ ಮನೆಗಳ ಹೊಸ್ತಿಲು ಎಷ್ಟು ಎತ್ತರ ಎಂಬುದನ್ನು ಹೊಸ್ತಿಲು ದಾಟಲಾಗದವರನ್ನು ಕೇಳಬೇಕು. ಇವೆಲ್ಲ ಹೊರಡುವ ದಿನದ ಪ್ರಶ್ನೆಗಳಲ್ಲ, ಸೇರಿದ ಎರಡನೆಯ ದಿನದ ಪ್ರಶ್ನೆಗಳು ಎನ್ನುವುದು ಆ ತಂಡದ ಕ್ರಮ. ಬ್ರಿಟನ್ನಿನಲ್ಲಿ ಕೆಲವು ರೋಗಿಗಳ ಮನೆಗೆ ಚಿಕಿತ್ಸಕರೇ ಮುಂಚಿತವಾಗಿ ಹೋಗಿ ನೋಡಿ ಬರುತ್ತಾರೆ. ಇಲ್ಲಿ ಆ ಸಿಸ್ಟರ್, ರೈತರ ಮಗನಿಗೆ ಮನೆಯ ಬಾಗಿಲು, ಮಂಚ, ಬಚ್ಚಲುಗಳ ಫೋಟೊ ಮೊಬೈಲಿನಲ್ಲಿ ತೆಗೆದು ತರಲು ಹೇಳಿದರು. ಅಷ್ಟು ಸಾಕಾಯಿತು.

ಅದೇ ವಾರ್ಡಿನಲ್ಲಿ ನನಗೆ ಇನ್ನೊಂದು ಪಾಠವಾಯಿತು. ಬಲ ಮೆದುಳಿಗೆ ಪೆಟ್ಟಾಗಿದ್ದ ಒಬ್ಬ ನಿವೃತ್ತ ಉಪಾಧ್ಯಾಯರನ್ನು ಮಾತನಾಡಿಸಬೇಕಿತ್ತು. ಬೆಳಕು ಚೆನ್ನಾಗಿದೆಯೆಂದು ಅವರ ಎಡಗಡೆ ಕುರ್ಚಿ ಹಾಕಿಕೊಂಡು ಕುಳಿತೆ. ಎರಡು ಸಲ ಕೇಳಿದರೂ ನನ್ನ ಕಡೆ ತಿರುಗಲಿಲ್ಲ. ಕಿವಿ ಕೇಳಿಸುವುದಿಲ್ಲವೇನೋ ಎಂದು ದನಿ ಎತ್ತರಿಸಿದೆ. ಫಿಸಿಯೊಥೆರಪಿಸ್ಟ್ ನನ್ನನ್ನು ಬಲಗಡೆಗೆ ಕರೆದುಕೊಂಡು ಹೋದರು, ತಕ್ಷಣ ಅವರು "ಬನ್ನಿ, ಕೂತ್ಕೊಳ್ಳಿ" ಎಂದರು. ಕಣ್ಣು, ಕಿವಿ ಎರಡೂ ಸರಿಯಿವೆ. ಆದರೆ ಅವರ ಗಮನದ ಲೋಕದಲ್ಲಿ ಎಡಭಾಗವೇ ಇಲ್ಲ. ತಟ್ಟೆಯಲ್ಲಿ ಬಲ ಅರ್ಧದ ಅನ್ನವನ್ನಷ್ಟೇ ಉಂಡು, ಸಾಲದೆಂದು ಇನ್ನೂ ಕೇಳುತ್ತಿದ್ದರಂತೆ. ಇದನ್ನು ಮನೆಯವರಿಗೆ ಮೊದಲೇ ಹೇಳದಿದ್ದರೆ ಅವರು ಏನು ತಿಳಿದುಕೊಳ್ಳುತ್ತಾರೆ? ಮುದುಕರಿಗೆ ಹಟ, ಇಲ್ಲವೆ ಅರಳುಮರಳು ಎಂದು. ಚಿಕಿತ್ಸಕರು ಮಗನಿಗೆ ತೋರಿಸಿಕೊಡುತ್ತಿದ್ದರು: ತಟ್ಟೆ ತಿರುಗಿಸಿಡಿ, ಎಡಕ್ಕೆ ನೋಡುವಂತೆ ಆಗಾಗ ನೆನಪಿಸಿ, ಎಡಗಡೆ ಬಿಸಿ ಪಾತ್ರೆ ಇಡಬೇಡಿ.

ಭುಜದ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ತೋಳಿನ ಮೂಳೆಯ ಗುಂಡು ತುದಿ ಭುಜದ ಆಳವಿಲ್ಲದ ಗುಳಿಯಲ್ಲಿ ಕೂತಿರುತ್ತದೆ, ಮುಖ್ಯವಾಗಿ ಸುತ್ತಲಿನ ಸ್ನಾಯುಗಳೇ ಅದನ್ನು ಹಿಡಿದಿಡುವುದು. ಸ್ನಾಯು ಸೋತಾಗ ತೋಳಿನ ಭಾರಕ್ಕೇ ಅದು ಕೆಳಗೆ ಜಾರುತ್ತದೆ. ಅಂಥ ಕೈಯನ್ನು ಹಿಡಿದು ಎಳೆದರೆ, ಕಂಕುಳಿಗೆ ಕೈಹಾಕಿ ಎತ್ತಿದರೆ, ತಿಂಗಳುಗಟ್ಟಲೆ ಬಿಡದ ನೋವು ಬರಬಹುದು. ನೋವಿದ್ದರೆ ವ್ಯಾಯಾಮ ನಿಲ್ಲುತ್ತದೆ, ವ್ಯಾಯಾಮ ನಿಂತರೆ ಕೈ ಇನ್ನಷ್ಟು ಬಿಗಿಯುತ್ತದೆ. ನಮ್ಮ ಅಣ್ಣ ದೊಡ್ಡಪ್ಪನನ್ನು ಕಾರಿಗೆ ಎತ್ತಿದ ಬಗೆ ನೆನಪಿದೆಯಲ್ಲ? ನೋಡಲು ಬಂದ ನೆಂಟರೂ ಅಷ್ಟೆ, ಒಬ್ಬೊಬ್ಬರೂ ಆ ಕೈಯನ್ನೇ ಹಿಡಿದು "ಏಳಿ, ಏಳಿ, ಏನೂ ಆಗಿಲ್ಲ" ಎಂದು ಜಗ್ಗಿದವರೇ.

ಈಗ ವಿಜ್ಞಾನದ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ: ಇದೆಲ್ಲ ಒಳ್ಳೆಯ ಮಾತೇ, ಆದರೆ ಇದರಿಂದ ನಿಜವಾಗಿ ಫಲವಿದೆಯೆಂದು ಅಳೆದು ನೋಡಿದ್ದಾರೆಯೆ? ನೋಡಿದ್ದಾರೆ. ಕಥೆ ನೇರವಾಗಿಲ್ಲ, ಅದಕ್ಕೇ ಸ್ವಾರಸ್ಯ.

ನಾರ್ವೆ ದೇಶದ ಟ್ರಾನ್‌ಹೈಮ್ ನಗರದ ಆಸ್ಪತ್ರೆಯಲ್ಲಿ 220 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಸಮ ಗುಂಪು ಮಾಡಿದರು. ಒಂದು ಗುಂಪು ಸಾಮಾನ್ಯ ವಾರ್ಡಿಗೆ, ಇನ್ನೊಂದು ಪಾರ್ಶ್ವವಾಯುವಿಗೆಂದೇ ತಂಡವಿದ್ದ ಘಟಕಕ್ಕೆ. 1991ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆರು ವಾರಗಳ ನಂತರ ತಮ್ಮ ಮನೆಯಲ್ಲಿದ್ದವರು ಘಟಕದ ಗುಂಪಿನಲ್ಲಿ ಶೇಕಡ 56, ಸಾಮಾನ್ಯ ವಾರ್ಡಿನ ಗುಂಪಿನಲ್ಲಿ ಶೇಕಡ 33. ಹೊಸ ಔಷಧವೇನೂ ಇರಲಿಲ್ಲ. ಕೆಲಸ ಮಾಡಿದ್ದು ತಂಡ, ಮತ್ತೆ ಬೇಗ ಎಬ್ಬಿಸಿ ನಡೆಸಿದ ಕ್ರಮ.

ಮುಂದಿನ ಹೆಜ್ಜೆಯಾಗಿ ಆ ತಂಡವನ್ನೇ ರೋಗಿಯ ಹಿಂದೆ ಮನೆಗೆ ಕಳಿಸಿ ನೋಡಿದರು. ಸ್ಟಾಕ್‌ಹೋಮ್, ಟ್ರಾನ್‌ಹೈಮ್, ಬ್ರಿಟನ್ನಿನ ಕೆಲವು ಊರುಗಳು, ಆಸ್ಟ್ರೇಲಿಯದ ಅಡಿಲೇಡ್, ಹೀಗೆ ಹಲವೆಡೆ ಪ್ರಯೋಗವಾಯಿತು. ತೀರ ಹಾಸಿಗೆ ಹಿಡಿದವರನ್ನಲ್ಲ, ಸಾಧಾರಣ ಮಟ್ಟದ ದೌರ್ಬಲ್ಯವಿರುವವರನ್ನು ಆರಿಸಿ, ಬೇಗ ಮನೆಗೆ ಕಳಿಸಿ, ಅಲ್ಲಿಗೇ ಫಿಸಿಯೊಥೆರಪಿಸ್ಟ್ ಮೊದಲಾದವರು ಹೋಗುವುದು. ಇಂಥ 11 ಪ್ರಯೋಗಗಳ 1597 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆಸ್ಪತ್ರೆವಾಸ ಎಂಟು ದಿನ ಕಡಿಮೆಯಾಗಿತ್ತು. ಅಷ್ಟೇ ಅಲ್ಲ, ಹೀಗೆ ಆರೈಕೆ ಪಡೆದ ಪ್ರತಿ 100 ಜನರಲ್ಲಿ ಆರು ಮಂದಿ ಸಾವಿನಿಂದಲೋ ಪರಾವಲಂಬನೆಯಿಂದಲೋ ಪಾರಾಗಿದ್ದರು.

ಆದರೆ ಮನೆಮನೆಗೆ ತಂಡ ಕಳಿಸುವಷ್ಟು ಚಿಕಿತ್ಸಕರು ನಮ್ಮಲ್ಲೆಲ್ಲಿದ್ದಾರೆ? ಇದ್ದವರೂ ಹೆಚ್ಚಾಗಿ ನಗರಗಳಲ್ಲಿದ್ದಾರೆ. ಹಾಗಿದ್ದರೆ ಮನೆಯವರಿಗೇ ಕಲಿಸಿಬಿಟ್ಟರೆ? ಲಂಡನ್ನಿನ ಒಂದು ಘಟಕದಲ್ಲಿ 300 ರೋಗಿಗಳ ಮನೆಯವರೊಂದಿಗೆ ಇದನ್ನು ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಬಹಳ ಆಶೆ ಹುಟ್ಟಿತು: ಆರೈಕೆ ಮಾಡುವವರ ಹೊರೆ ಇಳಿದಿತ್ತು, ಖರ್ಚೂ ತಗ್ಗಿತ್ತು. ಅದೇ ತರಬೇತಿಯನ್ನು ಬ್ರಿಟನ್ನಿನ 36 ಘಟಕಗಳಿಗೆ ಹರಡಿ 928 ರೋಗಿಗಳಲ್ಲಿ ಪರೀಕ್ಷಿಸಿದರು. 2013ರಲ್ಲಿ ಬಂದ ಉತ್ತರ: ಎರಡು ಗುಂಪುಗಳಿಗೂ ವ್ಯತ್ಯಾಸವಿಲ್ಲ. ಪಾರ್ಶ್ವವಾಯುವಾದ ಕೂಡಲೇ, ಮನೆಯವರು ಇನ್ನೂ ಗಾಬರಿಯಲ್ಲಿರುವಾಗ, ಇಷ್ಟೆಲ್ಲ ಕಲಿಸಲು ಅದು ಸರಿಯಾದ ಹೊತ್ತಲ್ಲದಿರಬಹುದು ಎಂದು ಸಂಶೋಧಕರು ಬರೆದರು.

ನಮ್ಮ ದೇಶದ ಪ್ರಯೋಗ ಇನ್ನೂ ದೊಡ್ಡದು. 2014ರಿಂದ 2016ರವರೆಗೆ ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಸೇರಿಸಿಕೊಂಡ ಈ ಅಧ್ಯಯನಕ್ಕೆ 'ಅಟೆಂಡ್' ಎಂದು ಹೆಸರು. ಅರ್ಧದಷ್ಟು ಕುಟುಂಬಗಳಲ್ಲಿ ಒಬ್ಬರಿಗೆ ಆಸ್ಪತ್ರೆಯಲ್ಲೇ ತರಬೇತಿ ಕೊಟ್ಟರು, ಎರಡು ತಿಂಗಳವರೆಗೆ ಮನೆಯಲ್ಲೂ ಮುಂದುವರಿಸಿದರು. ಉಳಿದವರಿಗೆ ಎಂದಿನ ಆರೈಕೆ. ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆಯಲ್ಲೇ ಇದ್ದವರು ತರಬೇತಿಯ ಗುಂಪಿನಲ್ಲಿ ಶೇಕಡ 47. ಇನ್ನೊಂದು ಗುಂಪಿನಲ್ಲಿ? ಅದೂ ಶೇಕಡ 47.

2017ರಲ್ಲಿ ಇದನ್ನು ಓದಿದಾಗ ನನಗೆ ನಿರಾಶೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಯ ಅನುಭವದಿಂದ ನಾನು ಬೇರೆ ಉತ್ತರ ಬಯಸಿದ್ದೆ. ಆದರೆ ಪ್ರಯೋಗಶಾಲೆಯಲ್ಲಿ ನಿಮಗೂ ಹೇಳಿಕೊಟ್ಟಿರುತ್ತಾರೆ, ಬಯಸಿದ ರೀಡಿಂಗು ಬರಲಿಲ್ಲವೆಂದು ರೆಕಾರ್ಡ್ ಪುಸ್ತಕದಲ್ಲಿ ತಿದ್ದಬಾರದು. ಅದರ ಅರ್ಥವನ್ನು ಮಾತ್ರ ಎಚ್ಚರದಿಂದ ತಿಳಿಯಬೇಕು. ಮನೆಯವರ ಆರೈಕೆ ವ್ಯರ್ಥ ಎಂದು ಈ ಅಂಕಿ ಹೇಳುವುದಿಲ್ಲ. ಆರೈಕೆ ಎರಡೂ ಗುಂಪಿನಲ್ಲಿತ್ತು. ನಮ್ಮಲ್ಲಿ ಯಾರು ತಂದೆಯನ್ನು ಬಿಟ್ಟುಬಿಡುತ್ತಾರೆ? ನುರಿತ ಚಿಕಿತ್ಸಕರ ಕೆಲಸವನ್ನು ಕೆಲವು ಗಂಟೆಗಳ ಪಾಠ ಹೇಳಿ ಮನೆಯವರ ಹೆಗಲಿಗೆ ದಾಟಿಸಿದರೆ ರೋಗಿಯ ಚೇತರಿಕೆ ಹೆಚ್ಚುವುದಿಲ್ಲ, ಇಷ್ಟು ಅದರ ಮಾತು. ಅದರ ಬದಲು ಆರೋಗ್ಯ ಸಹಾಯಕರನ್ನೋ ಸಮುದಾಯದಲ್ಲಿ ಕೆಲಸ ಮಾಡುವ ತಂಡಗಳನ್ನೋ ಪರೀಕ್ಷಿಸಿ ನೋಡಿ ಎಂದು ಸಂಶೋಧಕರೇ ಸೂಚಿಸಿದರು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಆಸ್ಪತ್ರೆಯವರು ಮನೆಯವರಿಗೆ ತಿಳಿಸಲೇಬೇಕು. ಕಾಫಿ ಶ್ವಾಸಕೋಶಕ್ಕೆ ಇಳಿಯದಂತೆ, ಭುಜ ಕಳಚದಂತೆ ನೋಡಿಕೊಳ್ಳಲು ಅದು ಬೇಕು. ಆದರೆ ತಿಳಿಸಿದ್ದೇವಲ್ಲ ಎಂದು ಗೇಟಿನಲ್ಲಿ ಕೈತೊಳೆದುಕೊಳ್ಳುವಂತಿಲ್ಲ. ಮೂರನೆಯ ದಿನ ಒಂದು ಫೋನು, ಎರಡನೆಯ ವಾರ ಒಂದು ಭೇಟಿ, ಊರಿನ ಹತ್ತಿರವೇ ವ್ಯಾಯಾಮ ಮಾಡಿಸುವ ಒಬ್ಬರು, ಸಂದೇಹ ಬಂದರೆ ಕೇಳಲು ಒಂದು ನಂಬರು, ಇವು ಇಲ್ಲದಿದ್ದರೆ ಆಸ್ಪತ್ರೆಯ ಕೆಲಸ ಅರ್ಧಕ್ಕೆ ನಿಂತಂತೆಯೇ.

ನಮ್ಮ ರಾಜ್ಯದಲ್ಲಿ ಈ ದಿಕ್ಕಿನಲ್ಲಿ ಸ್ವಲ್ಪ ಕೆಲಸ ಆರಂಭವಾಗಿದೆ. ರಾಜ್ಯ ಆರೋಗ್ಯ ಇಲಾಖೆಯೂ ನಿಮ್ಹಾನ್ಸ್ ಸಂಸ್ಥೆಯೂ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಎಂಬ ಕಾರ್ಯಕ್ರಮ ತೊಡಗಿಸಿದವು. ಜಿಲ್ಲಾ ಮಟ್ಟದಲ್ಲಿಯೇ ಮೆದುಳಿನ ಕಾಯಿಲೆಗಳಿಗೆ ಚಿಕಿತ್ಸೆ ಸಿಗಬೇಕೆಂಬುದು ಉದ್ದೇಶ. ಮಾತು ಕಳೆದುಕೊಂಡವರ ವಿಷಯದಲ್ಲಂತೂ ನಾವು ಅದೃಷ್ಟವಂತರು: ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೆ. ಇಂಗ್ಲಿಷ್ ಪದಗಳ ಪಟ್ಟಿ ಹಿಡಿದುಕೊಂಡು ಹಾಸನದ ರೈತರಿಗೆ ಮಾತು ಕಲಿಸಲಾಗುವುದಿಲ್ಲ. ತಂಬಿಗೆ, ಕೊಟ್ಟಿಗೆ, ಚಾಪೆ ಎಂಬ ಪದಗಳಿಂದಲೇ ಆರಂಭವಾಗಬೇಕು. ಕನ್ನಡದಲ್ಲಿಯೇ ಪರೀಕ್ಷೆಗಳನ್ನೂ ಅಭ್ಯಾಸಗಳನ್ನೂ ರೂಪಿಸಿದ ಕೆಲಸ ಅಲ್ಲಿ ನಡೆದಿದೆ. ಮಾತು ಹೋದವರ ಮುಂದೆ ಕೂಗಿ ಮಾತನಾಡಬೇಡಿ, ಅವರು ಕಿವುಡರಲ್ಲ. ಚಿಕ್ಕ ವಾಕ್ಯ ಹೇಳಿ, ಉತ್ತರಕ್ಕೆ ಕಾಯಿರಿ. ಅವರು 'ಹೌದು' ಎನ್ನಲು ಹೋಗಿ 'ಇಲ್ಲ' ಎನ್ನಬಹುದು, ಮುಖ ನೋಡಿ ತಿಳಿಯಬೇಕು.

ಮಾತ್ರೆಗಳ ವಿಷಯ. ಎರಡು ಮೂರು ತಿಂಗಳಾದ ಮೇಲೆ ದೊಡ್ಡಪ್ಪನ ರಕ್ತದೊತ್ತಡ ನೋಡಿದರೆ ಸರಿಯಾಗಿತ್ತು. "ಸರಿ ಹೋಯ್ತಲ್ಲ, ಇನ್ನೇಕೆ ಮಾತ್ರೆ?" ಎಂದು ದೊಡ್ಡಮ್ಮ ನಿಲ್ಲಿಸಿದರು. ಸರಿಹೋಗಿರುವುದು ಮಾತ್ರೆಯಿಂದ ಎಂದು ಮೊಮ್ಮಗಳು ಜಗಳವಾಡಿ ಮತ್ತೆ ಶುರುಮಾಡಿಸಿದಳು. ಹೆಪ್ಪಿನಿಂದಾದ ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಕೊಡುವ ಆಸ್ಪಿರಿನ್ನಿನದು ಇನ್ನೊಂದು ಬಗೆ. ಅದು ರಕ್ತದ ಕಿರುತಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಮಾಡುತ್ತದೆ. ಒಂದು ಕಿರುತಟ್ಟೆಯ ಆಯುಸ್ಸು ಏಳರಿಂದ ಹತ್ತು ದಿನ, ಆದರೆ ಹೊಸವು ದಿನದಿನವೂ ಹುಟ್ಟುತ್ತಿರುತ್ತವೆ. ಆದ್ದರಿಂದ ಮಾತ್ರೆಯೂ ದಿನದಿನವೂ ಬೇಕು. ಆದರೆ ನಾಳ ಒಡೆದು ಪಾರ್ಶ್ವವಾಯುವಾದವರಿಗೆ ಅದೇ ಆಸ್ಪಿರಿನ್ ಅಪಾಯ ತರಬಹುದು. ಪಕ್ಕದ ಮನೆಯವರ ಲಕ್ವದ ಮಾತ್ರೆ ಕೇಳಿ ತರುವ ಪದ್ಧತಿ ನಮ್ಮೂರುಗಳಲ್ಲಿದೆ, ಅದನ್ನು ನೀವು ತಡೆಯಬೇಕು.

ಔಷಧದ ಹಾಳೆಯಲ್ಲಿ ಬರೆಯದೇ ಉಳಿಯುವ ಇನ್ನೊಂದಿದೆ, ಮನಸ್ಸು. ಪಾರ್ಶ್ವವಾಯುವಾದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಅದಕ್ಕೂ ಚಿಕಿತ್ಸೆ ಇದೆ. ಊಟ ಬೇಡ, ವ್ಯಾಯಾಮ ಬೇಡ, ಯಾರೂ ಬರುವುದು ಬೇಡ ಎನ್ನತೊಡಗಿದರೆ ವಯಸ್ಸಿನ ಸಿಡುಕು ಎಂದು ಬಿಡದೆ ವೈದ್ಯರಿಗೆ ಹೇಳಬೇಕು. ಆರೈಕೆ ಮಾಡುವವರ ಬೆನ್ನುನೋವು, ನಿದ್ದೆಗೇಡು ಯಾರ ಲೆಕ್ಕಕ್ಕೂ ಬರುವುದಿಲ್ಲ. ನಮ್ಮ ಅತ್ತಿಗೆ ಆ ವರ್ಷ ತವರಿಗೆ ಒಂದು ದಿನವೂ ಹೋಗಲಿಲ್ಲ.

ದೊಡ್ಡಪ್ಪನನ್ನು ನ್ಯುಮೋನಿಯ ಎಂದು ಎರಡನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ, ಹೊರಡುವ ಹಿಂದಿನ ದಿನ ಮೊಮ್ಮಗಳು ಒಂದು ನೂರು ಪುಟದ ನೋಟ್ ಬುಕ್ ತೆಗೆದುಕೊಂಡು ಹೋಗಿದ್ದಳು. ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡಿದ್ದಳು. ಏನು ಕುಡಿಸಬಹುದು? ಯಾವ ಮಗ್ಗುಲಿಗೆ ಮಲಗಿಸಬೇಕು, ಎಷ್ಟು ಹೊತ್ತಿಗೊಮ್ಮೆ ಹೊರಳಿಸಬೇಕು? ಬಿದ್ದರೆ ಹೇಗೆ ಎತ್ತುವುದು? ಏನಾದರೆ ತಕ್ಷಣ ಕರೆತರಬೇಕು, ಯಾರಿಗೆ ಫೋನ್ ಮಾಡಬೇಕು? ಪಾಳಿ ಮುಗಿದು ಹೊರಟಿದ್ದ ಹಿರಿಯ ಸಿಸ್ಟರ್ ಒಬ್ಬರು ಬ್ಯಾಗು ಕೆಳಗಿಟ್ಟು ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕುಳಿತರಂತೆ. ಹೇಳಿದ್ದು ಮಾತ್ರವಲ್ಲ, ಅತ್ತಿಗೆಯ ಕೈಯಲ್ಲೇ ಮಾಡಿಸಿದರು. "ಈಗ ನೀನು ನನಗೆ ಹೇಳಿಕೊಡಮ್ಮ, ನಾನೇ ಗೊತ್ತಿಲ್ಲದವಳು ಅಂದ್ಕೊ" ಎಂದರು. ಅತ್ತಿಗೆ ಎರಡು ಕಡೆ ತಪ್ಪಿದರು, ಮತ್ತೆ ಮಾಡಿಸಿದರು. ಮುಕ್ಕಾಲು ಗಂಟೆ ಹಿಡಿಯಿತು. ಅದೇ ಆಸ್ಪತ್ರೆ, ಅದೇ ವಾರ್ಡು. ಆ ಮುಕ್ಕಾಲು ಗಂಟೆಯನ್ನು ಯಾರೂ ಅವರ ಕೆಲಸವೆಂದು ಬರೆದಿಟ್ಟಿರಲಿಲ್ಲ.

ಆ ಹಾಳೆಗಳನ್ನು ಹರಿದು, ಕನ್ನಡದ ದಪ್ಪ ಅಕ್ಷರಗಳಲ್ಲಿ ನಕಲು ಮಾಡಿ, ಅವಳು ಮಂಚದ ಮೇಲುಗಡೆ ಗೋಡೆಗೆ ಅಂಟಿಸಿದ್ದಳು. ಬೆಳಿಗ್ಗೆಯ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಓದು ಬಾರದ ದೊಡ್ಡಮ್ಮನಿಗೆಂದು. ಕಳೆದ ಸಲ ಹೋದಾಗ ಆ ಕಾಗದ ಅಡುಗೆ ಹೊಗೆಗೆ ಹಳದಿಯಾಗಿತ್ತು. ದೊಡ್ಡಪ್ಪ ಕೋಲೂರಿಕೊಂಡು ಪಡಸಾಲೆಗೆ ಬಂದು ಕುಳಿತರು, ಎಡಗೈಯಲ್ಲಿ ಲೋಟ ಹಿಡಿದು, ಯಾರೂ ಹೇಳದೆಯೇ ನೆಟ್ಟಗೆ ಕೂತು, ಗುಟುಕು ಗುಟುಕಾಗಿ ಕಾಫಿ ಕುಡಿದರು. ಬಲಗೈ ಇನ್ನೂ ಮಡಿಲಲ್ಲೇ ಇರುತ್ತದೆ. ನನ್ನನ್ನು ಈಗಲೂ ನನ್ನ ತಂಗಿಯ ಹೆಸರಿನಿಂದಲೇ ಕರೆಯುತ್ತಾರೆ, ನಾನೂ ಓಗೊಡುತ್ತೇನೆ.